ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಎಐ ಏಜೆಂಟ್‌ಗೆ ಟೂಲ್ ವಿವರಣೆ ಬರೆಯುವುದು ಹೇಗೆ?

ಮುಂಬೈ, ಠಾಣೆ, ಪುಣೆ ಕಡೆಯ ಕನ್ನಡ ಸಂಘಗಳಲ್ಲಿ ವೆಬ್‌ಸೈಟ್ ಜವಾಬ್ದಾರಿ ಸಾಮಾನ್ಯವಾಗಿ ಒಬ್ಬರ ತಲೆ ಮೇಲೆ ಇರುತ್ತದೆ. ಹಗಲೆಲ್ಲ ಆಫೀಸು. ಲೋಕಲ್ ಹಿಡಿದು ಮನೆ ಸೇರುವಷ್ಟರಲ್ಲಿ ಕಾರ್ಯದರ್ಶಿಗಳು ವಾಟ್ಸಾಪ್‌ನಲ್ಲಿ ಆಹ್ವಾನ ಪತ್ರಿಕೆಯ ಫೋಟೋ ಕಳಿಸಿ, "ಇದನ್ನ ಸೈಟ್‌ಗೆ ಹಾಕಿಬಿಡಿ" ಅಂದಿರುತ್ತಾರೆ. ಹಾಗಾಗಿ ಇಂಥ ಕೆಲಸವನ್ನು ಎಐ ಏಜೆಂಟ್‌ಗೆ (ಹೇಳಿದ ಕೆಲಸವನ್ನು ತಾನೇ ಹೆಜ್ಜೆ ಹೆಜ್ಜೆಯಾಗಿ ಮಾಡುವ ಎಐ ಪ್ರೋಗ್ರಾಂಗೆ) ಒಪ್ಪಿಸೋಣ ಅನ್ನಿಸುವುದು ಸಹಜ. ಒಪ್ಪಿಸಬಹುದು ಕೂಡ. ಆದರೆ ಅದಕ್ಕೆ ಕೊಡುವ ಟೂಲ್‌ಗಳ ವಿವರಣೆ ಸರಿಯಾಗಿ ಬರೆಯಬೇಕು. ಈ ಲೇಖನ ಅದರ ಬಗ್ಗೆ.

ಟೂಲ್ ಅಂದರೆ ಏಜೆಂಟ್ ಕರೆಯಬಹುದಾದ ಒಂದು ಫಂಕ್ಷನ್. ಪೇಜ್ ಓದುವುದು ಒಂದು ಟೂಲ್, ಪೋಸ್ಟ್ ಹಾಕುವುದು ಇನ್ನೊಂದು. ಓಪನ್‌ಎಐ 2023ರ ಜೂನ್‌ನಲ್ಲಿ ತನ್ನ ಎಪಿಐಗೆ (ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ದಾರಿಗೆ) ಫಂಕ್ಷನ್ ಕಾಲಿಂಗ್, ಅಂದರೆ ಟೂಲ್ ಕರೆಯುವ ಸೌಲಭ್ಯ ಸೇರಿಸಿತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್) ಅನ್ನುವ, ಏಜೆಂಟ್‌ಗೆ ಟೂಲ್‌ಗಳನ್ನು ಜೋಡಿಸುವ ಮುಕ್ತ ಪದ್ಧತಿಯನ್ನು ಹೊರತಂದಿತು. ಯಾವುದನ್ನೇ ಬಳಸಿ, ಮಾಡೆಲ್‌ಗೆ, ಅಂದರೆ ಏಜೆಂಟ್‌ನ ಒಳಗಿನ ಎಐಗೆ, ಕಾಣುವುದು ಮೂರೇ: ಟೂಲ್‌ನ ಹೆಸರು, ವಿವರಣೆ, ಅದಕ್ಕೆ ಕೊಡಬೇಕಾದ ಮಾಹಿತಿಯ ಸ್ಕೀಮಾ (ಯಾವ ಮಾಹಿತಿ, ಯಾವ ರೂಪದಲ್ಲಿ ಅನ್ನುವ ನಮೂನೆ). ನೀವು ಬರೆದ ಕೋಡ್ ಅದಕ್ಕೆ ಕಾಣುವುದಿಲ್ಲ. ಕೋಡ್‌ನಲ್ಲಿ ಎಷ್ಟೇ ಚೆನ್ನಾಗಿ ಕಾಮೆಂಟ್ ಬರೆದಿದ್ದರೂ ಉಪಯೋಗವಿಲ್ಲ.

ಎಲ್ಲರೂ "ಈ ಟೂಲ್ ಏನು ಮಾಡುತ್ತದೆ" ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ಅದು ಸಾಲದು. ಈ ಟೂಲ್ ಓಡಿದ ಮೇಲೆ ಸೈಟ್‌ನಲ್ಲಿ ಏನೇನು ಬದಲಾಗಿರುತ್ತದೆ, ಅದರಲ್ಲಿ ಯಾವುದನ್ನು ವಾಪಸ್ ತರಬಹುದು, ಯಾವುದನ್ನು ತರಲಾಗದು ಅನ್ನುವುದನ್ನು ಬರೆಯಬೇಕು. ಏಜೆಂಟ್ ತಪ್ಪು ನಿರ್ಧಾರ ತೆಗೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಉದಾಹರಣೆಗಳನ್ನು ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್‌ನಿಂದ ಕೊಡುತ್ತೇನೆ. ಸಂಘಗಳ ಸೈಟ್‌ಗಳಲ್ಲಿ ಅದರ ಬಳಕೆ ಜಾಸ್ತಿ. ಹೊರಗಿನ ಪ್ರೋಗ್ರಾಂಗಳು ಸೈಟನ್ನು ಓದಲು, ತಿದ್ದಲು ಬಳಸುವ ಅದರ ರೆಸ್ಟ್ ಎಪಿಐನ ಕಂಟೆಂಟ್ ಭಾಗ 2016ರ ಡಿಸೆಂಬರ್‌ನಲ್ಲಿ ಬಂದ 4.7ನೇ ಆವೃತ್ತಿಯಿಂದಲೇ ಮೂಲ ಪ್ಯಾಕೇಜ್‌ನೊಳಗೆ ಇದೆ, ಬೇರೆ ಪ್ಲಗಿನ್ ಬೇಕಿಲ್ಲ.

1. ಜನ ಕೇಳುವ ಮಾತಿನಿಂದ ಶುರು ಮಾಡಿ

ಎಪಿಐ ದಾಖಲೆ ತೆರೆದು ಅದರಲ್ಲಿರುವ ಒಂದೊಂದು ಎಪಿಐ ವಿಳಾಸಕ್ಕೆ (ಎಂಡ್‌ಪಾಯಿಂಟ್) ಒಂದೊಂದು ಟೂಲ್ ಮಾಡುತ್ತಾ ಹೋಗಬೇಡಿ. ಮೊದಲು ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಿಂದಕ್ಕೆ ಸ್ಕ್ರೋಲ್ ಮಾಡಿ. ಸೈಟ್‌ಗೆ ಸಂಬಂಧಪಟ್ಟ ಕೋರಿಕೆಗಳನ್ನು ಜನ ಬರೆದ ಹಾಗೇ ಒಂದು ಕಡೆ ಬರೆದಿಟ್ಟುಕೊಳ್ಳಿ.

"ಶನಿವಾರದ ತಾಳಮದ್ದಳೆ 4ಕ್ಕಲ್ಲ, 5ಕ್ಕೆ."
"ಹೊಸ ಖಜಾಂಚಿಯವರ ಹೆಸರು ಸೇರಿಸಿ."
"ಹೋದ ವರ್ಷದ ವಿದ್ಯಾರ್ಥಿವೇತನದ ಅರ್ಜಿ ಇನ್ನೂ ಇದೆಯಲ್ಲ, ತೆಗೀರಿ."
"ಅರಸಿನ ಕುಂಕುಮದ ಫೋಟೋ ಎಲ್ಲಿದೆ?"

ಈ ಪಟ್ಟಿಯೇ ನಿಮಗೆ ಬೇಕಾದ ಟೂಲ್‌ಗಳನ್ನು ತೋರಿಸುತ್ತದೆ. ಕೊನೆಯದಕ್ಕೆ ಓದುವ ಟೂಲ್ ಸಾಕು. ಮೊದಲೆರಡಕ್ಕೆ ತಿದ್ದುವ ಟೂಲ್ ಬೇಕು. ಮೂರನೆಯದರಲ್ಲಿ ಗೊಂದಲ ಇದೆ. ತೆಗೀರಿ ಅಂದರೆ ಅಳಿಸಬೇಕೋ, ಮುಖಪುಟದ ಲಿಂಕ್ ಮಾತ್ರ ತೆಗೆದರೆ ಸಾಕೋ? ಅದನ್ನು ಏಜೆಂಟ್ ಊಹಿಸಬಾರದು, ಕೇಳಬೇಕು. ಹಾಗಂತ ವಿವರಣೆಯಲ್ಲೇ ಬರೆದಿರಬೇಕು.

ಎಲ್ಲವನ್ನೂ ಒಂದೇ ಟೂಲ್‌ಗೆ ತುರುಕಬೇಡಿ. ‘ಮ್ಯಾನೇಜ್_ಸೈಟ್’ ಅಂತ ಒಂದು ಟೂಲ್, ಅದರೊಳಗೆ ‘ಆ್ಯಕ್ಷನ್’ ಅಂತ ಒಂದು ಪ್ಯಾರಾಮೀಟರ್ (ಟೂಲ್ ಕರೆಯುವಾಗ ತುಂಬಬೇಕಾದ ಮಾಹಿತಿ), ಓದು, ಬರೆ, ಅಳಿಸು ಎಲ್ಲ ಅದರಲ್ಲೇ. ಹೀಗೆ ಮಾಡಿದರೆ ಒಂದು ಪದ ತಪ್ಪಿದರೂ ಓದಬೇಕಾದದ್ದು ಅಳಿಸಿಹೋಗಬಹುದು. ಓದುವುದು, ಡ್ರಾಫ್ಟ್ ಮಾಡುವುದು, ಪ್ರಕಟಿಸುವುದು, ಕಸದ ಬುಟ್ಟಿಗೆ ಹಾಕುವುದು ಇವಕ್ಕೆ ಬೇರೆ ಬೇರೆ ಟೂಲ್ ಇರಲಿ.

2. ಹೆಸರು ಮತ್ತು ಭಾಷೆ

ಹೆಸರಿನಲ್ಲಿ ಕ್ರಿಯೆ ಮತ್ತು ವಸ್ತು ಎರಡೂ ಇರಲಿ: ‘ಗೆಟ್_ಪೇಜ್’, ‘ಕ್ರಿಯೇಟ್_ಡ್ರಾಫ್ಟ್’, ‘ಟ್ರ್ಯಾಶ್_ಪೋಸ್ಟ್’. ಓಪನ್‌ಎಐನಂಥ ಎಪಿಐಗಳಲ್ಲಿ ಟೂಲ್ ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಹೈಫನ್ ಮಾತ್ರ ನಡೆಯುತ್ತವೆ. ಆದ್ದರಿಂದ ಹೆಸರು ಇಂಗ್ಲಿಷ್ ಲಿಪಿಯಲ್ಲೇ ಇರಬೇಕು.

ವಿವರಣೆಗೆ ಆ ಕಟ್ಟುಪಾಡಿಲ್ಲ. ಕನ್ನಡದಲ್ಲೂ ಬರೆಯಬಹುದು, ಮಾಡೆಲ್‌ಗಳಿಗೆ ಅರ್ಥವಾಗುತ್ತದೆ. ಆದರೆ ಅದೇ ವಿಷಯಕ್ಕೆ ಕನ್ನಡದಲ್ಲಿ ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಎಣಿಸುವ ತುಣುಕು) ಜಾಸ್ತಿ ಖರ್ಚಾಗುತ್ತದೆ. ನಾನು ಹೇಳುವುದಿಷ್ಟು: ನಾಳೆ ಈ ಕೆಲಸ ಯಾರ ಕೈಗೆ ಹೋಗುತ್ತದೋ ಅವರು ಸಲೀಸಾಗಿ ಓದಿ ತಿದ್ದಬಲ್ಲ ಭಾಷೆಯಲ್ಲಿ ಬರೆಯಿರಿ. ಇಂಗ್ಲಿಷ್‌ನಲ್ಲಿ ಬರೆದರೂ ಸದಸ್ಯರು ಬಳಸುವ ಮಾತುಗಳನ್ನು ಕನ್ನಡದಲ್ಲೇ ಸೇರಿಸಿ. "ಆಹ್ವಾನ ಪತ್ರಿಕೆ, ಕರೆಯೋಲೆ, ಪ್ರೋಗ್ರಾಂ ಅಂತ ಕೇಳಿದರೆ ಈ ಟೂಲ್; ಶ್ರದ್ಧಾಂಜಲಿ, ಸಂತಾಪ ಅಂತ ಕೇಳಿದರೆ ಇದಲ್ಲ, ಸುದ್ದಿ ವಿಭಾಗದ ಟೂಲ್" ಅಂತ. ನಿಮ್ಮ ಸೈಟ್‌ನಲ್ಲಿ ಯಾವುದು ಯಾವ ವಿಭಾಗಕ್ಕೆ ಸೇರುತ್ತದೆ ಅನ್ನುವುದು ನಿಮಗೆ ಮಾತ್ರ ಗೊತ್ತು, ಅಲ್ವಾ?

3. ವಿವರಣೆ ಬರೆಯಿರಿ: ‘ಅಪ್‌ಡೇಟ್_ಪೇಜ್’ ಹಿಡಿದು ನೋಡೋಣ

ಸಾಮಾನ್ಯವಾಗಿ ಕಾಣುವ ವಿವರಣೆ ಹೀಗಿರುತ್ತದೆ: "ಪೇಜ್ ಅಪ್‌ಡೇಟ್ ಮಾಡುತ್ತದೆ." ಹೆಸರಿನಲ್ಲಿ ಇರುವುದನ್ನೇ ಇಲ್ಲಿ ಇನ್ನೊಮ್ಮೆ ಹೇಳಿದ ಹಾಗಾಯಿತು.

ಈಗ "ಕಾರ್ಯಕಾರಿ ಸಮಿತಿ ಪೇಜ್‌ಗೆ ಹೊಸ ಖಜಾಂಚಿಯವರ ಹೆಸರು ಸೇರಿಸಿ" ಅಂತ ಕೋರಿಕೆ ಬಂತು ಅನ್ನಿ. ಏಜೆಂಟ್ ಈ ಟೂಲ್ ಕರೆದು, ಪಠ್ಯದ ಜಾಗದಲ್ಲಿ ಖಜಾಂಚಿಯವರ ಹೆಸರಿನ ಒಂದು ಸಾಲು ಕಳಿಸುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಪಠ್ಯವಾಗಿ ಏನು ಕಳಿಸುತ್ತೀರೋ ಅದೇ ಪೇಜ್‌ನ ಪೂರ್ತಿ ಪಠ್ಯ ಆಗುತ್ತದೆ. ಅಧ್ಯಕ್ಷರು, ಉಪಾಧ್ಯಕ್ಷರು, ಮಹಿಳಾ ವಿಭಾಗದವರು ಎಲ್ಲರ ಹೆಸರೂ ಹೋಗಿ ಖಜಾಂಚಿಯವರು ಒಬ್ಬರೇ ಉಳಿಯುತ್ತಾರೆ. ‘ಅಪ್‌ಡೇಟ್’ ಅನ್ನುವುದನ್ನು ಏಜೆಂಟ್ ‘ಸೇರಿಸುವುದು’ ಅಂತ ತಿಳಿದರೆ ಅದರ ತಪ್ಪಿಲ್ಲ. ಅಲ್ಲಿ ಬೇರೆ ಏನೂ ಬರೆದಿರಲಿಲ್ಲ.

ಅದನ್ನು ಹೀಗೆ ಬರೆಯಿರಿ:

"ಈಗಾಗಲೇ ಇರುವ ಒಂದು ಪೇಜ್‌ನ ಪಠ್ಯವನ್ನು ಪೂರ್ತಿಯಾಗಿ ಬದಲಾಯಿಸುತ್ತದೆ. ‘ಕಂಟೆಂಟ್’ನಲ್ಲಿ ಕಳಿಸಿದ್ದು ಹಳೆಯದಕ್ಕೆ ಸೇರುವುದಿಲ್ಲ, ಹಳೆಯದರ ಜಾಗಕ್ಕೆ ಬರುತ್ತದೆ. ಒಂದೇ ಪದ ತಿದ್ದಬೇಕಿದ್ದರೂ ಮೊದಲು ‘ಗೆಟ್_ಪೇಜ್’ನಿಂದ ಮೂಲ ಪಠ್ಯ ತರಬೇಕು, ಬೇಕಾದಷ್ಟು ಮಾತ್ರ ತಿದ್ದಿ, ಉಳಿದದ್ದನ್ನು ಮುಟ್ಟದೆ, ಪೂರ್ತಿ ಪಠ್ಯ ವಾಪಸ್ ಕಳಿಸಬೇಕು. ಕಳಿಸದೇ ಬಿಟ್ಟ ಫೀಲ್ಡ್‌ಗಳು ಹಾಗೇ ಉಳಿಯುತ್ತವೆ. ಪೇಜ್ ಪ್ರಕಟವಾಗಿದ್ದರೆ ಬದಲಾವಣೆ ಕೂಡಲೇ ಎಲ್ಲರಿಗೂ ಕಾಣುತ್ತದೆ. ಹಳೆಯ ಪಠ್ಯ ರಿವಿಷನ್‌ನಲ್ಲಿ ಇರುತ್ತದೆ, ಅಲ್ಲಿಂದ ವಾಪಸ್ ತರಬಹುದು. ಹೊಸ ಪೇಜ್ ಮಾಡಲು ಇದನ್ನು ಬಳಸಬೇಡಿ, ‘ಕ್ರಿಯೇಟ್_ಡ್ರಾಫ್ಟ್’ ಬಳಸಿ. ಕಾರ್ಯಕ್ರಮದ ದಿನ, ಸಮಯ, ಜಾಗ ಬದಲಾಯಿಸಲು ‘ಅಪ್‌ಡೇಟ್_ಇವೆಂಟ್’ ಬಳಸಿ."

ಉದ್ದ ಆಯಿತು ಅನ್ನಿಸಬಹುದು. ಆಗಲಿ. ಇಲ್ಲಿ ಉಳಿಸಿದ ನಾಲ್ಕು ಸಾಲಿನ ಬೆಲೆಯನ್ನು ಆಮೇಲೆ ಪೇಜ್ ಕಳೆದುಕೊಂಡು ತೆರಬೇಕಾಗುತ್ತದೆ. ಪ್ರತಿ ಸಾಲೂ ಏಜೆಂಟ್ ಎಡವಬಹುದಾದ ಒಂದು ಜಾಗವನ್ನು ಮುಚ್ಚುತ್ತದೆ. ಹಾಗೆ ಮುಚ್ಚದ ಸಾಲು ಇದ್ದರೆ ತೆಗೆದುಹಾಕಿ. "ಇದು ಬಹಳ ಉಪಯುಕ್ತ ಟೂಲ್" ಅನ್ನುವಂಥ ಮಾತಿನಿಂದ ಏಜೆಂಟ್‌ಗೆ ಏನೂ ಸಿಗುವುದಿಲ್ಲ.

ಇಲ್ಲಿ ‘ಮೂಲ ಪಠ್ಯ’ ಅನ್ನುವುದಕ್ಕೆ ಕಾರಣ ಇದೆ. ವರ್ಡ್‌ಪ್ರೆಸ್ ಪಠ್ಯವನ್ನು ಎರಡು ರೂಪದಲ್ಲಿ ಕೊಡುತ್ತದೆ. ಒಂದು, ಬ್ರೌಸರ್‌ನಲ್ಲಿ ಕಾಣುವ ತಯಾರಾದ ಎಚ್‌ಟಿಎಂಎಲ್. ಇನ್ನೊಂದು, ಎಡಿಟರ್‌ನೊಳಗಿನ ಕಚ್ಚಾ ಪಠ್ಯ. ಸುಮ್ನೆ ಕೇಳಿದರೆ ಸಿಗುವುದು ಮೊದಲನೆಯದು. ಎರಡನೆಯದು ಬೇಕಿದ್ದರೆ ‘ಕಾಂಟೆಕ್ಸ್ಟ್’ ಅನ್ನು ‘ಎಡಿಟ್’ ಅಂತ ಕೊಟ್ಟು ಕೇಳಬೇಕು, ತಿದ್ದುವ ಅನುಮತಿಯೂ ಇರಬೇಕು. ಏಜೆಂಟ್ ತಯಾರಾದ ರೂಪವನ್ನು ಓದಿ, ಅದನ್ನೇ ತಿದ್ದಿ ವಾಪಸ್ ಬರೆದರೆ ಬ್ಲಾಕ್‌ಗಳ (ಎಡಿಟರ್‌ನಲ್ಲಿ ಪಠ್ಯ, ಫೋಟೋಗಳನ್ನು ಬಿಡಿಬಿಡಿಯಾಗಿ ಇಡುವ ತುಂಡುಗಳ) ಗುರುತುಗಳು ಹೋಗುತ್ತವೆ. ಶಾರ್ಟ್‌ಕೋಡ್ (ಗ್ಯಾಲರಿಯಂಥದ್ದನ್ನು ತಾನಾಗೇ ಕೂರಿಸುವ ಚಿಕ್ಕ ಸಂಕೇತ) ಇದ್ದ ಕಡೆ ಅದರಿಂದ ಹುಟ್ಟಿದ ಎಚ್‌ಟಿಎಂಎಲ್ ಕೂರುತ್ತದೆ. ಹೊರಗಿನಿಂದ ನೋಡಿದರೆ ಪೇಜ್ ಸರಿಯಾಗೇ ಕಾಣುತ್ತದೆ. ಮುಂದಿನ ಸಲ ಯಾರೋ ಎಡಿಟರ್ ತೆರೆದಾಗ ಎಲ್ಲ ಒಂದೇ ಮುದ್ದೆಯಾಗಿರುತ್ತದೆ, ಫೋಟೋ ಗ್ಯಾಲರಿಗೆ ಹೊಸ ಫೋಟೋ ಸೇರಿಸಿದರೂ ಬರುವುದಿಲ್ಲ. ಹಾಗಾಗಿ ತಿದ್ದಲು ತರುವ ಟೂಲ್ ಕಚ್ಚಾ ಪಠ್ಯವನ್ನೇ ಕೊಡುವಂತೆ ಮಾಡಿ, ವಿವರಣೆಯಲ್ಲೂ ಹಾಗೇ ಬರೆಯಿರಿ.

4. ಪ್ಯಾರಾಮೀಟರ್‌ಗಳಿಗೂ ವಿವರಣೆ ಬೇಕು

ಟೂಲ್‌ಗೆ ವಿವರಣೆ ಬರೆದು ಪ್ಯಾರಾಮೀಟರ್‌ಗಳನ್ನು ಖಾಲಿ ಬಿಡುವವರು ಬಹಳ. ಸಂಘದ ಸೈಟ್‌ನಲ್ಲಿ ಹೆಚ್ಚು ಎಡವುವ ಮೂರು ಜಾಗ ಇವು.

ಮೊದಲನೆಯದು ದಿನಾಂಕ. 01/11 ನಮಗೆ ರಾಜ್ಯೋತ್ಸವ. ತಿಂಗಳು ಮೊದಲು ಬರೆಯುವ ಅಮೆರಿಕದ ಲೆಕ್ಕದಲ್ಲಿ ಜನವರಿ 11. ಆದ್ದರಿಂದ ವರ್ಷ, ತಿಂಗಳು, ದಿನ ಅನ್ನುವ ಕ್ರಮವನ್ನು ಹೇಳಿ, ಒಂದು ಪೂರ್ತಿ ಮಾದರಿಯನ್ನೂ ಕೊಡಿ. ಜೊತೆಗೆ ಸಮಯದ ವಲಯ. ವರ್ಡ್‌ಪ್ರೆಸ್‌ನಲ್ಲಿ ‘ಡೇಟ್’ ಅಂದರೆ ಸೈಟ್‌ಗೆ ಹೊಂದಿಸಿದ ಸಮಯ, ‘ಡೇಟ್_ಜಿಎಂಟಿ’ ಅಂದರೆ ಗ್ರೀನ್‌ವಿಚ್ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 6ಕ್ಕೆ ಬರಬೇಕಾದ ರಾಜ್ಯೋತ್ಸವದ ಶುಭಾಶಯವನ್ನು ಎರಡನೆಯದರಲ್ಲಿ 6 ಅಂತ ಹಾಕಿದರೆ ಅದು ಬರುವುದು 11.30ಕ್ಕೆ, ಧ್ವಜಾರೋಹಣ ಮುಗಿದ ಮೇಲೆ. ಏಜೆಂಟ್‌ಗೆ ಒಂದನ್ನು ಮಾತ್ರ ಕೊಡಿ, "ಭಾರತೀಯ ಸಮಯ" ಅಂತ ಬರೆದುಬಿಡಿ.

ಇದರ ಜೊತೆ ಇನ್ನೊಂದು ವಿಷಯ. ಮುಂದಿನ ದಿನಾಂಕ ಕೊಟ್ಟು ‘ಪ್ರಕಟಿಸು’ ಅಂದರೆ ವರ್ಡ್‌ಪ್ರೆಸ್ ಅದನ್ನು ಪ್ರಕಟಿಸುವುದಿಲ್ಲ, ನಿಗದಿ ಮಾಡಿ ಇಡುತ್ತದೆ. ಇದನ್ನು ವಿವರಣೆಯಲ್ಲಿ ಹೇಳದಿದ್ದರೆ ಏಜೆಂಟ್ "ಪ್ರಕಟವಾಯಿತು" ಅಂತ ಕಾರ್ಯದರ್ಶಿಗಳಿಗೆ ಉತ್ತರ ಕೊಡುತ್ತದೆ, ಅವರು ಸೈಟ್ ತೆರೆದರೆ ಏನೂ ಇರುವುದಿಲ್ಲ. ನಿಗದಿಯಾದ ಪೋಸ್ಟ್ ಹೊರಬರುವುದು ಕೂಡ ಸಾಮಾನ್ಯವಾಗಿ ಯಾರಾದರೂ ಸೈಟ್‌ಗೆ ಬಂದಾಗಲೇ. ಬೆಳಗಿನ ಜಾವ ಯಾರೂ ಬಾರದ ಸಣ್ಣ ಸೈಟ್‌ನಲ್ಲಿ ತಡವಾಗಬಹುದು.

ಎರಡನೆಯದು ಜಾಗ. ಮುಂಬೈಯಲ್ಲಿ ವಿಳಾಸ ಅಂದರೆ ಸ್ಟೇಷನ್‌ನ ಯಾವ ಕಡೆ ಅನ್ನುವುದೇ ಅರ್ಧ ವಿಳಾಸ. "ಡೊಂಬಿವಲಿಯ ಸಭಾಗೃಹ" ಅಂತ ಹಾಕಿದರೆ ವಯಸ್ಸಾದವರು ಪಶ್ಚಿಮಕ್ಕೆ ಇಳಿದು, ಮತ್ತೆ ಸೇತುವೆ ಹತ್ತಿ ಪೂರ್ವಕ್ಕೆ ಬರಬೇಕಾಗುತ್ತದೆ. ಮಾಟುಂಗಾ ಅಂತೂ ಇನ್ನೂ ಕಷ್ಟ. ಮಾಟುಂಗಾ ಸೆಂಟ್ರಲ್ ಲೈನ್‌ನ ಸ್ಟೇಷನ್, ಮಾಟುಂಗಾ ರೋಡ್ ವೆಸ್ಟರ್ನ್ ಲೈನ್‌ನದು. ಹಾಗಾಗಿ ಇವೆಂಟ್ ಟೂಲ್‌ನಲ್ಲಿ ‘ಸ್ಟೇಷನ್’ ಒಂದು ಫೀಲ್ಡ್, ‘ಕಡೆ’ ಇನ್ನೊಂದು ಫೀಲ್ಡ್ ಮಾಡಿ. ‘ಕಡೆ’ಗೆ ಪೂರ್ವ, ಪಶ್ಚಿಮ, ಅನ್ವಯಿಸದು ಅನ್ನುವ ಮೂರೇ ಆಯ್ಕೆ ಕೊಟ್ಟು ಕಡ್ಡಾಯ ಮಾಡಿ. ವಿವರಣೆಯಲ್ಲಿ: "ಆಹ್ವಾನ ಪತ್ರಿಕೆಯಲ್ಲಿ ಕಡೆ ಬರೆದಿಲ್ಲದಿದ್ದರೆ ಊಹಿಸಬೇಡಿ. ಕೋರಿದವರನ್ನು ಕೇಳಿ." ಇಂಥ ನಿಗದಿತ ಆಯ್ಕೆಗಳನ್ನು ಸ್ಕೀಮಾದಲ್ಲಿ ‘ಈನಮ್’ ಅಂತ ಬರೆಯುತ್ತಾರೆ. ಆಯ್ಕೆಗಳನ್ನು ಮೊದಲೇ ಎಣಿಸಿ ಹೇಳಬಹುದಾದ ಕಡೆಯಲ್ಲೆಲ್ಲ ಅದನ್ನೇ ಬಳಸಿ.

ಮೂರನೆಯದು ಸ್ಲಗ್, ಅಂದರೆ ಲಿಂಕ್‌ನ ಕೊನೆಯ ಭಾಗ. ನೀವು ಕೊಡದಿದ್ದರೆ ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ಮಾಡಿಕೊಳ್ಳುತ್ತದೆ. ಕನ್ನಡದ ಒಂದೊಂದು ಅಕ್ಷರ, ಗುಣಿತದ ಚಿಹ್ನೆ, ಒತ್ತಕ್ಷರದಲ್ಲಿ ಅಡಗಿರುವ ಹಲಂತ ಚಿಹ್ನೆ (್) ಲಿಂಕ್‌ನಲ್ಲಿ 9 ಅಕ್ಷರದಷ್ಟು ಜಾಗ ತಿನ್ನುತ್ತದೆ. ಸ್ಲಗ್‌ಗೆ ಇರುವ ಮಿತಿ 200. ಅಂದರೆ ಎಲ್ಲ ಸೇರಿ 22 ದಾಟುವ ಹಾಗಿಲ್ಲ. ‘ಕರ್ನಾಟಕ ರಾಜ್ಯೋತ್ಸವ’ ಅನ್ನುವ ಎರಡೇ ಪದಕ್ಕೆ 17 ಆಗಿಹೋಗುತ್ತದೆ. ಉದ್ದದ ಶೀರ್ಷಿಕೆ ನಡುವೆಯೇ ಕತ್ತರಿಸಿಹೋಗುತ್ತದೆ, ವಾಟ್ಸಾಪ್‌ನಲ್ಲಿ ಹಂಚಿದ ಲಿಂಕ್ ಶೇಕಡಾ ಚಿಹ್ನೆಗಳ ಉದ್ದ ಸಾಲಾಗಿ ಕಾಣಬಹುದು. ಆದ್ದರಿಂದ ಹೀಗೆ ಬರೆಯಿರಿ: "ಸ್ಲಗ್ ಕಡ್ಡಾಯ. ಇಂಗ್ಲಿಷ್ ಸಣ್ಣಕ್ಷರ, ಹೈಫನ್, ಕೊನೆಯಲ್ಲಿ ವರ್ಷ. ಒಮ್ಮೆ ಪ್ರಕಟವಾದ ಮೇಲೆ ಬದಲಾಯಿಸಬೇಡಿ." ಪೋಸ್ಟ್‌ನ ಸ್ಲಗ್ ಬದಲಾದರೆ ವರ್ಡ್‌ಪ್ರೆಸ್ ಹಳೆಯ ಲಿಂಕನ್ನು ಹೊಸದಕ್ಕೆ ತಿರುಗಿಸುತ್ತದೆ, ಆದರೆ ಪೇಜ್‌ಗಳಿಗೆ ಆ ಸೌಲಭ್ಯ ಇಲ್ಲ.

5. ಹುಡುಕುವ ಟೂಲ್‌ನಲ್ಲಿ ಕಾಗುಣಿತದ ಬಗ್ಗೆ ಹೇಳಿ

ಇದು ನಮ್ಮ ಭಾಷೆಯ, ನಮ್ಮ ಊರಿನ ಸಮಸ್ಯೆ. ಇಂಗ್ಲಿಷ್‌ನ ಯಾವ ಮಾರ್ಗದರ್ಶಿಯಲ್ಲೂ ಇದಕ್ಕೆ ಉತ್ತರ ಹುಡುಕಬೇಡಿ. ಇಲ್ಲಿನ ಊರುಗಳ ಹೆಸರನ್ನು ನಾವು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತೇವೆ. ಡೊಂಬಿವಲಿ, ಡೊಂಬಿವ್ಲಿ, ಡೋಂಬಿವಿಲಿ. ಠಾಣೆ, ಥಾಣೆ. ಮಾಟುಂಗಾ, ಮಾಟುಂಗ. ವರ್ಡ್‌ಪ್ರೆಸ್‌ನ ಮಾಮೂಲಿ ಹುಡುಕಾಟ ಅಕ್ಷರಕ್ಕೆ ಅಕ್ಷರ ಹೊಂದಿಸುತ್ತದೆ. ‘ಠಾಣೆ’ ಅಂತ ಹುಡುಕಿದರೆ ‘ಥಾಣೆ’ ಸಿಗುವುದಿಲ್ಲ. ಏಜೆಂಟ್ "ಅಂಥ ಪೋಸ್ಟ್ ಇಲ್ಲ" ಅಂದುಕೊಂಡು ಅದೇ ಕಾರ್ಯಕ್ರಮಕ್ಕೆ ಇನ್ನೊಂದು ಪೋಸ್ಟ್ ಮಾಡಿಬಿಡುತ್ತದೆ.

ವಿವರಣೆಗೆ ಎರಡು ಸಾಲು ಸೇರಿಸಿ: "ಅಕ್ಷರಶಃ ಹುಡುಕುತ್ತದೆ. ಏನೂ ಸಿಗದಿದ್ದರೆ ಇಲ್ಲ ಅಂತ ತೀರ್ಮಾನಿಸುವ ಮೊದಲು ಬೇರೆ ಕಾಗುಣಿತದಲ್ಲಿ, ಇಂಗ್ಲಿಷ್ ಲಿಪಿಯಲ್ಲಿ, ಮತ್ತು ಹೆಸರಿನ ಒಂದು ಭಾಗ ಮಾತ್ರ ಕೊಟ್ಟು ಹುಡುಕಿ." ನಿಮ್ಮ ಸೈಟ್‌ನಲ್ಲಿ ಪದೇ ಪದೇ ಬರುವ ಊರು, ಸಭಾಗೃಹ, ಮೇಳಗಳ ಹೆಸರುಗಳ ಬೇರೆ ಬೇರೆ ರೂಪಗಳನ್ನು ಅಲ್ಲೇ ಪಟ್ಟಿ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು.

6. ಎಷ್ಟು ಸಿಕ್ಕಿತು, ಎಷ್ಟು ಉಳಿದಿದೆ

ಟೂಲ್ ಏನು ವಾಪಸ್ ಕೊಡುತ್ತದೆ ಅನ್ನುವುದೂ ವಿವರಣೆಯ ಭಾಗ. ವರ್ಡ್‌ಪ್ರೆಸ್ ಒಂದು ಸಲಕ್ಕೆ 10 ಪೋಸ್ಟ್ ಕೊಡುತ್ತದೆ, ಕೇಳಿದರೆ ಹೆಚ್ಚೆಂದರೆ 100. ಒಟ್ಟು ಎಷ್ಟಿವೆ ಅನ್ನುವ ಸಂಖ್ಯೆ ಬರುವುದು ಉತ್ತರದ ಜೊತೆ ಪ್ರತ್ಯೇಕವಾಗಿ ಬರುವ ಹೆಡರ್‌ನಲ್ಲಿ. ಟೂಲ್ ಬರೆಯುವಾಗ ಬಹಳ ಜನ ಹೆಡರ್ ಬಿಟ್ಟು ಒಳಗಿನದನ್ನು ಮಾತ್ರ ಏಜೆಂಟ್‌ಗೆ ಕೊಡುತ್ತಾರೆ. ಆಗ "ಈವರೆಗೆ ಎಷ್ಟು ಯಕ್ಷಗಾನ ಕಾರ್ಯಕ್ರಮ ಆಗಿವೆ?" ಅಂದರೆ ಎಷ್ಟೇ ಆಗಿದ್ದರೂ ಉತ್ತರ 10 ದಾಟುವುದಿಲ್ಲ. ಒಟ್ಟು ಸಂಖ್ಯೆಯನ್ನು ಉತ್ತರದಲ್ಲೇ ಸೇರಿಸಿ ಕೊಡಿ, "ಇದು ಒಂದು ಪುಟ ಮಾತ್ರ, ಉಳಿದವಕ್ಕೆ ಮುಂದಿನ ಪುಟ ಕೇಳಿ" ಅಂತ ವಿವರಣೆಯಲ್ಲಿ ಬರೆಯಿರಿ.

ಎರರ್ ಕೂಡ ಹೀಗೇ. ಬರೀ "400" ಅಂತ ಕೊಟ್ಟರೆ ಏಜೆಂಟ್ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ. "ಸ್ಟೇಷನ್‌ನ ಕಡೆ ಕೊಟ್ಟಿಲ್ಲ, ಕೋರಿದವರನ್ನು ಕೇಳಿ ಮತ್ತೆ ಕಳಿಸಿ" ಅಂದರೆ ಮುಂದೇನು ಮಾಡಬೇಕೆಂದು ಅದಕ್ಕೆ ಗೊತ್ತಾಗುತ್ತದೆ.

7. ಅಳಿಸುವ ವಿಷಯ

ಪೋಸ್ಟ್ ಅಳಿಸಿದರೆ ಅದು ಕಸದ ಬುಟ್ಟಿಗೆ ಹೋಗುತ್ತದೆ, ಸಾಮಾನ್ಯವಾಗಿ 30 ದಿನ ಅಲ್ಲಿರುತ್ತದೆ. ‘ಫೋರ್ಸ್’ ಅಂತ ಕೊಟ್ಟರೆ ಮಾತ್ರ ಕೂಡಲೇ ಶಾಶ್ವತವಾಗಿ ಹೋಗುತ್ತದೆ. ಏಜೆಂಟ್‌ಗೆ ಆ ‘ಫೋರ್ಸ್’ ಕೊಡಲೇಬೇಡಿ, ಸ್ಕೀಮಾದಿಂದಲೇ ತೆಗೆಯಿರಿ. ಆದರೆ ಫೋಟೋಗಳಿಗೆ ಮಾಮೂಲಿಯಾಗಿ ಕಸದ ಬುಟ್ಟಿಯೇ ಇಲ್ಲ. ಮೀಡಿಯಾದಿಂದ ಅಳಿಸಿದ ಫೋಟೋ ಹೋಯಿತು ಅಂದರೆ ಹೋಯಿತು. ಸಂಘದ ಹಳೆಯ ಫೋಟೋಗಳಿಗೆ ಬೇರೆ ಪ್ರತಿ ಎಷ್ಟೋ ಸಲ ಇರುವುದಿಲ್ಲ. ಅದರಲ್ಲಿ ಇದ್ದವರು ಕೆಲವರು ಈಗ ಇಲ್ಲ. ಫೋಟೋ ಅಳಿಸುವ ಟೂಲನ್ನು ಏಜೆಂಟ್‌ಗೆ ಕೊಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇಲ್ಲೇ ಒಂದು ಮಾತು ಸ್ಪಷ್ಟವಾಗಿರಲಿ. "ಅನುಮತಿ ಇಲ್ಲದೆ ಪ್ರಕಟಿಸಬೇಡಿ" ಅಂತ ವಿವರಣೆಯಲ್ಲಿ ಬರೆದರೆ ಅದು ಸೂಚನೆ ಮಾತ್ರ, ಬೀಗ ಆಗುವುದಿಲ್ಲ. ಎಂಸಿಪಿಯಲ್ಲಿ ‘ಓದಲು ಮಾತ್ರ’, ‘ಹಾನಿ ಮಾಡಬಲ್ಲದು’ ಅಂತ ಟೂಲ್‌ಗಳಿಗೆ ಗುರುತು ಹಾಕುವ ವ್ಯವಸ್ಥೆ ಇದೆ, ಅವೂ ಸುಳಿವುಗಳಷ್ಟೇ. ನಿಜವಾದ ತಡೆ ಇರಬೇಕಾದ್ದು ವರ್ಡ್‌ಪ್ರೆಸ್‌ನ ಕಡೆ. ಏಜೆಂಟ್‌ಗೆ ಬೇರೆಯೇ ಒಂದು ಬಳಕೆದಾರ ಖಾತೆ ಮಾಡಿ, ನಿಮ್ಮ ಅಡ್ಮಿನ್ ಖಾತೆ ಕೊಡಬೇಡಿ. 2020ರ ಡಿಸೆಂಬರ್‌ನಲ್ಲಿ ಬಂದ 5.6ನೇ ಆವೃತ್ತಿಯಿಂದ ಅಪ್ಲಿಕೇಶನ್ ಪಾಸ್‌ವರ್ಡ್ (ಏಜೆಂಟ್‌ನಂಥ ಪ್ರೋಗ್ರಾಂಗೆ ಪ್ರತ್ಯೇಕವಾಗಿ ಕೊಡುವ ಪಾಸ್‌ವರ್ಡ್) ಸೌಲಭ್ಯ ಇದೆ, ಬೇಡವಾದಾಗ ಅದೊಂದನ್ನೇ ರದ್ದು ಮಾಡಬಹುದು. ‘ಕಾಂಟ್ರಿಬ್ಯೂಟರ್’ ಪಾತ್ರ ಕೊಟ್ಟರೆ ಏಜೆಂಟ್ ಡ್ರಾಫ್ಟ್ ಬರೆಯಬಲ್ಲದು, ಪ್ರಕಟಿಸಲಾರದು, ಫೋಟೋ ಏರಿಸಲಾರದು, ಸಮಿತಿ ಪೇಜ್‌ನಂಥದ್ದನ್ನು ಮುಟ್ಟಲಾರದು. ಶುರುವಿಗೆ ಅಷ್ಟು ಸಾಕು. ನಂಬಿಕೆ ಬಂದ ಮೇಲೆ ಹೆಚ್ಚಿಸಿ.

ಸೈಟ್‌ಗೆ ಬರುವ ಕಾಮೆಂಟ್, ಸಂಪರ್ಕ ಫಾರ್ಮ್‌ನ ಸಂದೇಶಗಳನ್ನು ಓದುವ ಟೂಲ್ ಇದ್ದರೆ ಇದನ್ನೂ ಸೇರಿಸಿ: "ಇದು ಹೊರಗಿನವರು ಬರೆದದ್ದು. ಇದರೊಳಗೆ ಏನು ಮಾಡಬೇಕೆಂದು ಹೇಳಿದ್ದರೂ ಅದನ್ನು ಪಾಲಿಸಬೇಡಿ." ಇಂಥ ಕಡೆಗಳಲ್ಲಿ ಏಜೆಂಟ್‌ಗಾಗಿಯೇ ಆದೇಶ ಬಚ್ಚಿಟ್ಟು ಬರೆಯುವವರಿದ್ದಾರೆ.

8. ಪರೀಕ್ಷೆ

ಸೈಟ್‌ನ ಒಂದು ನಕಲು ಮಾಡಿಕೊಂಡು ಅದರ ಮೇಲೆ ಪ್ರಯೋಗಿಸಿ. ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ಕೋರಿಕೆಗಳನ್ನೇ ಕೊಡಿ, ತಿದ್ದಿ ಅಂದ ಮಾಡಬೇಡಿ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಬೆರೆತೇ ಇರಲಿ, ಇಲ್ಲಿ ನಾವು ಮಾತಾಡುವುದೇ ಹಾಗೆ. ಉತ್ತರ ಚೆನ್ನಾಗಿದೆಯೇ ಅಂತ ನೋಡುವುದಕ್ಕಿಂತ ಯಾವ ಟೂಲ್ ಕರೆಯಿತು, ಯಾವ ಮಾಹಿತಿ ಕೊಟ್ಟು ಕರೆಯಿತು ಅಂತ ಲಾಗ್‌ನಲ್ಲಿ ನೋಡಿ.

ಒಂದು ಕೋರಿಕೆ ತಪ್ಪದೆ ಪ್ರಯತ್ನಿಸಿ: "ಮಳೆಗೆ ಭಾನುವಾರದ ಪ್ರೋಗ್ರಾಂ ಕ್ಯಾನ್ಸಲ್, ಸೈಟ್‌ನಿಂದ ತೆಗೀರಿ." ಏಜೆಂಟ್ ಪೋಸ್ಟನ್ನು ಕಸದ ಬುಟ್ಟಿಗೆ ಹಾಕಿದರೆ ಲಿಂಕ್ ಒತ್ತಿದ ಸದಸ್ಯರಿಗೆ ಪೇಜ್ ಇಲ್ಲ ಅಂತ ಬರುತ್ತದೆ. ರದ್ದಾದ ವಿಷಯ ಗೊತ್ತಾಗದೆ ಅವರು ನೆನೆದುಕೊಂಡು ಸಭಾಗೃಹಕ್ಕೆ ಹೋಗುತ್ತಾರೆ. ಪೋಸ್ಟ್ ಅಲ್ಲೇ ಇದ್ದು, ಮೇಲೆ ‘ರದ್ದಾಗಿದೆ’ ಅಂತ ಬರಬೇಕು. ಹಾಗಾಗದಿದ್ದರೆ ‘ಟ್ರ್ಯಾಶ್_ಪೋಸ್ಟ್’ನ ವಿವರಣೆಗೆ "ರದ್ದಾದ ಕಾರ್ಯಕ್ರಮಕ್ಕೆ ಬಳಸಬೇಡಿ, ‘ಅಪ್‌ಡೇಟ್_ಇವೆಂಟ್’ನಲ್ಲಿ ಸ್ಥಿತಿ ಬದಲಾಯಿಸಿ" ಅಂತ ಸೇರಿಸಿ ಮತ್ತೆ ಓಡಿಸಿ. ಒಂದು ಸಲಕ್ಕೆ ಒಂದೇ ಸಾಲು ಬದಲಾಯಿಸಿ. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಸರಿಯಿದ್ದ ಬೇರೆ ಕೋರಿಕೆ ಕೆಟ್ಟಿತೇ ಅಂತಲೂ ನೋಡಿ.

9. ಆಮೇಲೆ

ವಿವರಣೆಗಳನ್ನು ಟೂಲ್‌ನ ಕೋಡ್ ಇರುವ ಫೈಲ್‌ನಲ್ಲೇ ಇಡಿ. ಕೋಡ್ ಬದಲಾದ ದಿನವೇ ವಿವರಣೆಯೂ ಬದಲಾಗಲಿ. ಥೀಮ್ ಅಥವಾ ಇವೆಂಟ್ ಪ್ಲಗಿನ್ ಬದಲಾಯಿಸಿದಾಗ ಪರೀಕ್ಷೆಯ ಕೋರಿಕೆಗಳನ್ನು ಪೂರ್ತಿ ಮತ್ತೆ ಓಡಿಸಿ. ಮಹಾಸಭೆಯಲ್ಲಿ ಹೊಸ ಸಮಿತಿ ಬಂದಾಗ, "ಪ್ರಕಟಿಸಲು ಯಾರ ಒಪ್ಪಿಗೆ ಬೇಕು" ಅನ್ನುವ ಸಾಲಿನಲ್ಲಿ ಹುದ್ದೆಯ ಹೆಸರು ಮಾತ್ರ ಇದೆಯೇ ನೋಡಿ. ವ್ಯಕ್ತಿಯ ಹೆಸರು ಬರೆದಿದ್ದರೆ ಅಳಿಸಿ ಹುದ್ದೆ ಬರೆಯಿರಿ. ಹಳೆಯ ಅಪ್ಲಿಕೇಶನ್ ಪಾಸ್‌ವರ್ಡ್ ರದ್ದು ಮಾಡಿ, ಹೊಸದು ಮಾಡಿ ಹೊಸ ಕಾರ್ಯದರ್ಶಿಗಳಿಗೆ ಒಪ್ಪಿಸಿ.